ಫಾರಂ ಕೋಳಿ ಬಿಡಿ ಎನ್ನುವ ಫಾರ್ವರ್ಡ್ ನಿಮ್ಮ ಜೇಬಿಗೆ ಎಷ್ಟು ಭಾರ? ಕಡಿಮೆ ಖರ್ಚಿನಲ್ಲಿ ಕೋಳಿ ತಿನ್ನುವ ಲೆಕ್ಕಾಚಾರ

ಫಾರಂ ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಚುಚ್ಚಿ 40 ದಿನಕ್ಕೆ ಬೆಳೆಸುತ್ತಾರೆ. ಅದನ್ನು ತಿಂದ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರೆ. ರೆಕ್ಕೆ ಮತ್ತು ಕತ್ತಿನ ತುಂಡು ತಿಂದರೆ ಗರ್ಭಕೋಶದಲ್ಲಿ ಗಡ್ಡೆ ಆಗುತ್ತದೆ. ತಿನ್ನಲೇಬೇಕಿದ್ದರೆ ನಾಟಿ ಕೋಳಿ ತಿನ್ನಿ. ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಒಮ್ಮೆಯಾದರೂ ಬಂದಿರುತ್ತದೆ. ಕಳಿಸಿದವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಮನೆಯವರ ಮೇಲಿನ ಕಾಳಜಿಯಿಂದಲೇ ಇಂಥವು ಹೆಚ್ಚು ಓಡಾಡುತ್ತವೆ.

ಆದರೆ ಈ ಸಂದೇಶಕ್ಕೆ ಯಾರು ಬೆಲೆ ತೆರುತ್ತಾರೆ ಎಂದು ಸ್ವಲ್ಪ ಯೋಚಿಸಿ. ಕೈಯಲ್ಲಿ ದುಡ್ಡಿದ್ದವರು ನಾಟಿ ಕೋಳಿಗೋ, ಮಟನ್‌ಗೋ, ಮೀನಿಗೋ ಹೋಗುತ್ತಾರೆ. ವಾರಕ್ಕೊಮ್ಮೆ ಭಾನುವಾರ ಮಾತ್ರ ಒಂದು ಕೆ.ಜಿ. ಬ್ರಾಯ್ಲರ್ ತರುವ ಮನೆಯಲ್ಲಿ ಆ ಒಂದು ಕೆ.ಜಿ.ಯೂ ನಿಂತುಹೋಗುತ್ತದೆ. ಅದರ ಜಾಗಕ್ಕೆ ಬೇಳೆ ಹೆಚ್ಚಾಗುವುದಿಲ್ಲ, ಅನ್ನ ಹೆಚ್ಚಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದವರೆಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ. 15ರಿಂದ 49 ವರ್ಷದ ಮಹಿಳೆಯರಲ್ಲಿ ಈ ಪ್ರಮಾಣ ಶೇ. 47.8. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇಂಥ ರಾಜ್ಯದಲ್ಲಿ ಕೈಗೆಟಕುವ ಒಂದು ಮಾಂಸಾಹಾರವನ್ನು ಹೆದರಿಸಿ ತಟ್ಟೆಯಿಂದ ತೆಗೆಸುವುದು ಸಣ್ಣ ವಿಷಯ ಅಲ್ಲ.

40 ದಿನಕ್ಕೆ ಎರಡು ಕೆ.ಜಿ. ಹೇಗೆ?

ಫಾರ್ವರ್ಡ್‌ನಲ್ಲಿ ಒಂದು ಮಾತು ನಿಜ. ಬ್ರಾಯ್ಲರ್ ಕೋಳಿ ಸುಮಾರು 35ರಿಂದ 42 ದಿನಕ್ಕೆ ಎರಡು ಕೆ.ಜಿ. ಆಸುಪಾಸು ತೂಗುತ್ತದೆ. ಮನೆ ಹಿತ್ತಲಿನ ಕೋಳಿ ನೋಡಿ ಬೆಳೆದವರಿಗೆ ಇದು ಮಾಟದಂತೆ ಕಾಣುವುದು ಸಹಜ.

ಇದಕ್ಕೆ ಕಾರಣ ತಳಿ. ಬೇಗ ಬೆಳೆಯುವ, ಎದೆಯಲ್ಲಿ ಹೆಚ್ಚು ಮಾಂಸ ತುಂಬಿಕೊಳ್ಳುವ ಕೋಳಿಗಳನ್ನೇ ಆರಿಸಿ, ಅವುಗಳ ಮರಿಗಳಲ್ಲಿ ಮತ್ತೆ ಅಂಥವನ್ನೇ ಆರಿಸಿ, ದಶಕಗಟ್ಟಲೆ ಹೀಗೆ ಮಾಡಿದ ಫಲ ಇದು. ಕೋಳಿಯ ತಲೆಮಾರು ಚಿಕ್ಕದು, ಹಾಗಾಗಿ ಆಯ್ಕೆಯ ಪರಿಣಾಮವೂ ಬೇಗ ಕಾಣುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅಳೆದು ತೋರಿಸಿದ್ದಾರೆ. 1957ರ ತಳಿ, 1978ರ ತಳಿ ಮತ್ತು 2005ರ ತಳಿಯ ಕೋಳಿಗಳನ್ನು ಒಂದೇ ರೀತಿಯ ಆಹಾರ ಕೊಟ್ಟು ಒಟ್ಟಿಗೆ ಸಾಕಿದರು. 56ನೇ ದಿನ ತೂಗಿದಾಗ 1957ರ ತಳಿ 905 ಗ್ರಾಂ, 1978ರದ್ದು 1,808 ಗ್ರಾಂ, 2005ರದ್ದು 4,202 ಗ್ರಾಂ ಇತ್ತು. 2014ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಆಹಾರ ಒಂದೇ, ವ್ಯತ್ಯಾಸ ತಳಿಯದ್ದು.

ಹಾರ್ಮೋನ್ ವಿಷಯಕ್ಕೆ ಬರೋಣ. ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನ್. ಅದನ್ನು ಮೇವಿನಲ್ಲಿ ಬೆರೆಸಿದರೆ ಕೋಳಿಯ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತದೆ. ಕೆಲಸ ಮಾಡಬೇಕಾದರೆ ಚುಚ್ಚಲೇಬೇಕು, ಅದೂ ಪದೇ ಪದೇ. ಐದು ಸಾವಿರ ಕೋಳಿಗಳ ಶೆಡ್ಡಿನಲ್ಲಿ ಒಬ್ಬಿಬ್ಬರು ಕೆಲಸಗಾರರು ಇರುತ್ತಾರೆ. ಪ್ರತಿಯೊಂದನ್ನೂ ಹಿಡಿದು ದಿನವೂ ಚುಚ್ಚುವುದು ಆಗದ ಮಾತು, ಕೆ.ಜಿ.ಗೆ ಸಿಗುವ ಲಾಭದಲ್ಲಿ ಅದರ ಖರ್ಚೂ ಹುಟ್ಟುವುದಿಲ್ಲ. ಸಾಕಣೆಯ ವೆಚ್ಚದಲ್ಲಿ ದೊಡ್ಡ ಪಾಲು ಮೇವಿನದ್ದೇ.

'ಆದರೆ ಕೋಳಿಗೆ ಏನೋ ಹಾಕುವುದನ್ನು ನಾವೇ ನೋಡಿದ್ದೇವೆ' ಎನ್ನುವವರಿದ್ದಾರೆ. ಅವರು ನೋಡಿದ್ದು ಲಸಿಕೆ. ಹಳ್ಳಿಗಳಲ್ಲಿ ಕೊಕ್ಕರೆ ರೋಗ ಎನ್ನುವ ರಾಣಿಖೇತ್ ರೋಗಕ್ಕೆ, ಗಂಬೊರೊ ರೋಗಕ್ಕೆ ಲಸಿಕೆ ಹಾಕದಿದ್ದರೆ ಶೆಡ್ಡಿಗೆ ಶೆಡ್ಡೇ ಖಾಲಿಯಾಗಬಹುದು. ಬ್ರಾಯ್ಲರ್‌ಗಳಿಗೆ ಇವನ್ನು ಹೆಚ್ಚಾಗಿ ಕಣ್ಣಿಗೆ ಹನಿ ಬಿಟ್ಟೋ, ಕುಡಿಯುವ ನೀರಿನಲ್ಲಿ ಬೆರೆಸಿಯೋ ಕೊಡುತ್ತಾರೆ. ರೆಕ್ಕೆಯಲ್ಲಿ, ಕತ್ತಿನಲ್ಲಿ ಹಾರ್ಮೋನ್ ಉಳಿದು ಹೆಂಗಸರಿಗೆ ಗಡ್ಡೆ ಆಗುತ್ತದೆ ಎಂಬ ಮಾತಿಗೆ ಆಧಾರ ಇಲ್ಲ. ಹೆಣ್ಣುಮಕ್ಕಳು ಬೇಗ ಮೈನೆರೆಯುವುದಕ್ಕೆ ಬಾಲ್ಯದಲ್ಲಿ ತೂಕ ಹೆಚ್ಚುವುದರ ಜೊತೆ ನಂಟಿದೆ ಎಂದು ಹಲವು ಅಧ್ಯಯನಗಳು ಹೇಳಿವೆ. ಅದಕ್ಕೆ ಕೋಳಿಯೊಂದನ್ನೇ ಹೊಣೆ ಮಾಡಲಾಗದು.

ನಿಜವಾಗಿ ಚಿಂತಿಸಬೇಕಾದದ್ದು ಬೇರೆ ಇದೆ

ಹಾರ್ಮೋನ್ ಸುಳ್ಳು ಎಂದ ಕೂಡಲೇ ಫಾರಂ ಕೋಳಿಯಲ್ಲಿ ತೊಂದರೆಯೇ ಇಲ್ಲ ಎಂದಲ್ಲ. ಫಾರ್ವರ್ಡ್‌ಗಳು ಅಪರೂಪಕ್ಕೆ ಹೇಳುವ ಸಮಸ್ಯೆಯೊಂದಿದೆ: ಆ್ಯಂಟಿಬಯಾಟಿಕ್. ರೋಗ ಬಂದಾಗ ಚಿಕಿತ್ಸೆಗೆ ಕೊಡುವುದು ಒಂದು. ರೋಗವೇ ಇಲ್ಲದಿದ್ದರೂ ಬೆಳವಣಿಗೆ ಚೆನ್ನಾಗಿರಲಿ ಎಂದು ಮೇವಿನಲ್ಲಿ ಬೆರೆಸುವುದು ಇನ್ನೊಂದು. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 2014ರಲ್ಲಿ ದೆಹಲಿ ಸುತ್ತಮುತ್ತಲಿನ 70 ಕೋಳಿ ಮಾಂಸದ ಮಾದರಿ ಪರೀಕ್ಷಿಸಿದಾಗ ಶೇ. 40ರಷ್ಟರಲ್ಲಿ ಆ್ಯಂಟಿಬಯಾಟಿಕ್ ಉಳಿಕೆ ಸಿಕ್ಕಿತ್ತು. ಮನುಷ್ಯರಿಗೆ ಕೊನೆಯ ಅಸ್ತ್ರದಂತೆ ಬಳಸುವ ಕೊಲಿಸ್ಟಿನ್ ಎಂಬ ಔಷಧವನ್ನೂ ಕೋಳಿಗಳಿಗೆ ಕೊಡಲಾಗುತ್ತಿತ್ತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಅದರ ಬಳಕೆಯನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು.

ಇಲ್ಲಿ ಅಪಾಯ ಕೋಳಿ ತಿಂದ ವ್ಯಕ್ತಿಗಿಂತ ಇಡೀ ಸಮಾಜಕ್ಕೆ ದೊಡ್ಡದು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹುಟ್ಟಿಕೊಂಡರೆ ನಾಳೆ ಆಸ್ಪತ್ರೆಯಲ್ಲಿ ಸಾಮಾನ್ಯ ಸೋಂಕೂ ವಾಸಿಯಾಗುವುದಿಲ್ಲ. ಇದನ್ನು ತಡೆಯಬೇಕಾದವರು ಸಾಕಣೆದಾರರು, ಕಂಪನಿಗಳು ಮತ್ತು ನಿಯಮ ಜಾರಿ ಮಾಡುವ ಇಲಾಖೆಗಳು. ಅಂಗಡಿ ಮುಂದೆ ಕವರ್ ಹಿಡಿದು ನಿಂತ ಗಿರಾಕಿ ಮಾಡಬಹುದಾದದ್ದು ಕಡಿಮೆ, ಆದರೆ ಮುಖ್ಯ. ಇಂಥ ಬ್ಯಾಕ್ಟೀರಿಯಾ ಕೂಡ ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಹಸಿ ಮಾಂಸ ಮುಟ್ಟಿದ ಕೈ, ಚಾಕು, ಮಣೆಯ ಮೂಲಕ ಬೇರೆ ಆಹಾರಕ್ಕೆ ದಾಟಿದರೆ ಬದುಕಿಕೊಳ್ಳುತ್ತದೆ. ಅಡುಗೆಮನೆಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಇನ್ನು ನಾಟಿ ಕೋಳಿ. ರುಚಿ ಬೇರೆ, ಮಾಂಸ ಗಟ್ಟಿ, ಕೊಬ್ಬು ಕಡಿಮೆ. ಬಾಣಂತಿಗೆ ನಾಟಿ ಕೋಳಿ ಸಾರು ಮಾಡಿಕೊಡುವ ರೂಢಿಯೂ ನಮ್ಮಲ್ಲಿದೆ. ಮನೆಯಲ್ಲೇ ಸಾಕಿದ್ದರೆ ಅದಕ್ಕಿಂತ ಒಳ್ಳೆಯದು ಯಾವುದಿದೆ! ಆದರೆ ಪ್ರೋಟೀನ್ ಲೆಕ್ಕದಲ್ಲಿ ನಾಟಿಗೂ ಫಾರಂಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಮತ್ತೆ, ಬಣ್ಣದ ಗರಿ ಇದ್ದ ಮಾತ್ರಕ್ಕೆ ನಾಟಿ ಆಗುವುದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ ಗಿರಿರಾಜ ತಳಿಗೂ ಬಣ್ಣದ ಗರಿ ಇದೆ. ಅದು ಒಳ್ಳೆಯ ಕೋಳಿಯೇ, ಆದರೆ ಅದನ್ನು ಅಪ್ಪಟ ನಾಟಿ ಎಂದು ನಂಬಿ ಎರಡು ಪಟ್ಟು ದುಡ್ಡು ಕೊಡುವ ಮೊದಲು ಅಂಗಡಿಯವರನ್ನು ಕೇಳಿ.

ಹತ್ತು ಗ್ರಾಂ ಪ್ರೋಟೀನ್‌ಗೆ ಎಷ್ಟು ರೂಪಾಯಿ?

ದರ ಊರಿಂದ ಊರಿಗೆ, ವಾರದಿಂದ ವಾರಕ್ಕೆ ಬದಲಾಗುತ್ತದೆ. ಆದ್ದರಿಂದ ಇಲ್ಲಿನ ಬೆಲೆಗಳನ್ನು ಲೆಕ್ಕ ತೋರಿಸಲು ಹಿಡಿದ ಉದಾಹರಣೆ ಎಂದುಕೊಳ್ಳಿ. ನಿಮ್ಮೂರಿನ ದರ ಹಾಕಿ ನೀವೇ ಮಾಡಿ ನೋಡಬಹುದು.

ಸ್ಕಿನ್ ತೆಗೆದ ಬ್ರಾಯ್ಲರ್ ಕೆ.ಜಿ.ಗೆ 240 ರೂಪಾಯಿ ಎಂದಿಟ್ಟುಕೊಳ್ಳೋಣ. ಮೂಳೆ ಕಳೆದರೆ ತಿನ್ನುವ ಮಾಂಸ ಸುಮಾರು 650ರಿಂದ 700 ಗ್ರಾಂ. ಅದರಲ್ಲಿ ಹೆಚ್ಚುಕಡಿಮೆ 130 ಗ್ರಾಂ ಪ್ರೋಟೀನ್. ಅಂದರೆ 10 ಗ್ರಾಂ ಪ್ರೋಟೀನ್‌ಗೆ ಸುಮಾರು 18 ರೂಪಾಯಿ. ನಾಟಿ ಕೋಳಿ ಕೆ.ಜಿ.ಗೆ 500 ಆದರೆ ಅದೇ 10 ಗ್ರಾಂಗೆ 38 ರೂಪಾಯಿ ದಾಟುತ್ತದೆ. ಮೊಟ್ಟೆ ಒಂದಕ್ಕೆ 7 ರೂಪಾಯಿ ಆದರೆ 10 ಗ್ರಾಂಗೆ 11 ರೂಪಾಯಿ. ತೊಗರಿಬೇಳೆ ಕೆ.ಜಿ.ಗೆ 150 ಆದರೆ 7 ರೂಪಾಯಿ. ಕೋಳಿ ಲಿವರ್ ಕೆ.ಜಿ.ಗೆ 150ಕ್ಕೆ ಸಿಕ್ಕರೆ 9 ರೂಪಾಯಿ.

ಬೋನ್‌ಲೆಸ್ ಅಂದರೆ ಶ್ರೀಮಂತರದ್ದು ಎಂಬ ಭಾವನೆ ಇದೆ. ಕೆ.ಜಿ.ಗೆ 360 ಇದ್ದರೂ ಪೂರ್ತಿ ಮಾಂಸವೇ ಆದ್ದರಿಂದ 10 ಗ್ರಾಂ ಪ್ರೋಟೀನ್‌ಗೆ 16–17 ರೂಪಾಯಿ ಬೀಳುತ್ತದೆ, ಮೂಳೆಸಮೇತ ತಂದದ್ದಕ್ಕೆ ಹತ್ತಿರ ಹತ್ತಿರ ಅಷ್ಟೇ. ಆದರೆ ಮೂಳೆ ಇಲ್ಲದೆ ಸಾರಿಗೆ ರುಚಿ ಎಲ್ಲಿಂದ ಬರಬೇಕು! ಐದು ಜನರ ಮನೆಯಲ್ಲಿ ಸಾರೇ ಮುಖ್ಯವಾದರೆ ಮೂಳೆಸಮೇತ ತನ್ನಿ. ಒಬ್ಬರೇ ರೂಮಿನಲ್ಲಿದ್ದು ಬೇಗ ಹುರಿದು ತಿನ್ನುವವರಾದರೆ ಬೋನ್‌ಲೆಸ್ ದುಂದುಗಾರಿಕೆ ಅಲ್ಲ.

ದರ ಕೇಳುವಾಗ ಅದು ಜೀವಂತ ತೂಕಕ್ಕೋ, ಕತ್ತರಿಸಿದ ಮಾಂಸಕ್ಕೋ ಎಂದು ಸ್ಪಷ್ಟ ಮಾಡಿಕೊಳ್ಳಿ. ಎರಡು ಕೆ.ಜಿ.ಯ ಕೋಳಿ ಕತ್ತರಿಸಿ ಶುಚಿ ಮಾಡಿದ ಮೇಲೆ 1.3ರಿಂದ 1.4 ಕೆ.ಜಿ. ಉಳಿಯುತ್ತದೆ. ಅಗ್ಗ ಎಂದು ಬೋರ್ಡ್ ನೋಡಿ ಹೋದವರು ಮನೆಗೆ ಬಂದು ತೂಕ ನೋಡಿದಾಗ ಇಲ್ಲೇ ಎಡವುವುದು.

ಸ್ಕಿನ್ ಬಗ್ಗೆಯೂ ಒಂದು ಮಾತು. ಸ್ಕಿನ್ ಸಮೇತ ಮಾಂಸಕ್ಕೆ ಕೆ.ಜಿ.ಗೆ ಕಡಿಮೆ ದರ, ಆದರೆ ತಕ್ಕಡಿಯಲ್ಲಿ ಸ್ಕಿನ್ ತೂಕವೂ ಸೇರಿರುತ್ತದೆ, ಅದರಲ್ಲಿ ಹೆಚ್ಚಿನದು ಕೊಬ್ಬು. ತೂಕ ಜಾಸ್ತಿ ಇರುವವರು, ಹೃದಯದ ತೊಂದರೆ ಇರುವವರು ಬಿಡುವುದು ಒಳ್ಳೆಯದು. ಸೊರಗಿದ ಮಕ್ಕಳಿರುವ ಮನೆಯಲ್ಲಿ ಸ್ಕಿನ್ ವಿಷವೇನಲ್ಲ. ಒಗ್ಗರಣೆಗೆ ಎಣ್ಣೆ ಹಾಕುವ ಮೊದಲು ಸ್ಕಿನ್ ತುಂಡುಗಳನ್ನು ಬಾಣಲೆಯಲ್ಲಿ ಹುರಿದರೆ ಬಿಡುವ ಕೊಬ್ಬಿನಲ್ಲೇ ಮಸಾಲೆ ಹುರಿಯಬಹುದು, ಎಣ್ಣೆ ಉಳಿಯುತ್ತದೆ.

ಈಗ ಎಷ್ಟು ಬೇಕು ಎಂಬ ಪ್ರಶ್ನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹದ ಒಂದು ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. 60 ಕೆ.ಜಿ. ಇದ್ದವರಿಗೆ 50 ಗ್ರಾಂ. ನಾಲ್ಕರಿಂದ ಆರು ವರ್ಷದ ಮಗುವಿಗೆ ಸುಮಾರು 16 ಗ್ರಾಂ. ಒಂದು ಕೆ.ಜಿ. ಕೋಳಿಯನ್ನು ಐವರು ಹಂಚಿಕೊಂಡರೆ ತಲೆಗೆ 26 ಗ್ರಾಂ, ಅಂದರೆ ದೊಡ್ಡವರಿಗೆ ಅರ್ಧ ದಿನದ್ದು, ಚಿಕ್ಕ ಮಗುವಿಗೆ ಇಡೀ ದಿನದ್ದಕ್ಕಿಂತ ಹೆಚ್ಚು. ಜಿಮ್ ವಿಡಿಯೊಗಳಲ್ಲಿ ತೋರಿಸುವ ಹಾಗೆ ದಿನಾ ಅರ್ಧ ಕೆ.ಜಿ. ಎದೆ ಮಾಂಸ ತಿನ್ನುವ ಅಗತ್ಯ ಹೆಚ್ಚಿನವರಿಗೆ ಇಲ್ಲ.

ಆದ್ದರಿಂದ ನಮ್ಮ ಸಲಹೆ: ಭಾನುವಾರ ಒಂದು ಕೆ.ಜಿ. ತಂದು ಒಂದೇ ದಿನ ಮುಗಿಸುವ ಬದಲು ಅರ್ಧ ಕೆ.ಜಿ.ಯಂತೆ ವಾರಕ್ಕೆ ಎರಡು ಸಲ ತನ್ನಿ. ಫ್ರಿಜ್ ಇಲ್ಲದ ಮನೆಗೂ ಇದೇ ಅನುಕೂಲ. ಅರ್ಧ ಕೆ.ಜಿ. ಐದು ಜನಕ್ಕೆ ಸಾಲದು ಎನಿಸಿದರೆ ಸಾರಿಗೆ ಕಾಳು ಹಾಕಿ. ಹಳೆ ಮೈಸೂರು ಭಾಗದಲ್ಲಿ ಅವರೆಕಾಯಿ ಕಾಲ ಬಂದರೆ ಕೋಳಿಗೆ ಹಿತಕಿದ ಬೇಳೆ ಸೇರಿಸುವುದು ಎಲ್ಲರಿಗೂ ಗೊತ್ತು. ಉಳಿದ ದಿನಗಳಲ್ಲಿ ಅಲಸಂದೆ, ಕಡಲೆಕಾಳು, ಮೆಂತ್ಯ ಸೊಪ್ಪು ನಡೆಯುತ್ತದೆ. ಮಧ್ಯದ ದಿನಗಳಿಗೆ ಮೊಟ್ಟೆ ಮತ್ತು ಬೇಳೆ.

ಲಿವರ್ ಬಿಡಬೇಡಿ, ಆದರೆ ಅತಿ ಬೇಡ

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಲಿವರ್ ಬಗ್ಗೆ ಒಂದು ಫಾರ್ವರ್ಡ್ ಇದೆ: ದೇಹದ ವಿಷವೆಲ್ಲ ಅಲ್ಲೇ ಶೇಖರ ಆಗಿರುತ್ತದೆ ಎಂದು. ಯಕೃತ್ತು ಬೇಡದ್ದನ್ನು ಒಡೆದು ಹೊರಹಾಕಲು ಸಿದ್ಧ ಮಾಡುವ ಅಂಗ, ಕಸದ ಗುಂಡಿ ಅಲ್ಲ. ಅದು ಮುಖ್ಯವಾಗಿ ಕೂಡಿಟ್ಟುಕೊಳ್ಳುವುದು ಕಬ್ಬಿಣಾಂಶ, ವಿಟಮಿನ್ ಎ, ವಿಟಮಿನ್ ಬಿ12 ಮತ್ತು ಫೋಲೇಟ್. 100 ಗ್ರಾಂ ಕೋಳಿ ಲಿವರ್‌ನಲ್ಲಿ ಸುಮಾರು 9 ಮಿಲಿಗ್ರಾಂ ಕಬ್ಬಿಣಾಂಶ ಇದೆ; ಅದೇ ತೂಕದ ತೊಡೆ ಮಾಂಸದಲ್ಲಿ 1 ಮಿಲಿಗ್ರಾಂ ಆಸುಪಾಸು. ರಕ್ತಹೀನತೆ ಇರುವ ಮನೆಯಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಕಬ್ಬಿಣಾಂಶ ಕೊಡುವ ಮಾಂಸ ಬೇರೆ ಸಿಗುವುದು ಕಷ್ಟ.

ಅತಿ ಏಕೆ ಬೇಡ ಎಂದರೆ ಅದೇ 100 ಗ್ರಾಂನಲ್ಲಿ ವಿಟಮಿನ್ ಎ 3,000 ಮೈಕ್ರೋಗ್ರಾಂಗಿಂತ ಹೆಚ್ಚಿರುತ್ತದೆ, ಅದು ವಯಸ್ಕರ ದಿನದ ಗರಿಷ್ಠ ಮಿತಿಯ ಮಟ್ಟ. ವಾರಕ್ಕೊಮ್ಮೆ ದೊಡ್ಡವರಿಗೆ 50 ಗ್ರಾಂ, ಮಕ್ಕಳಿಗೆ ಒಂದೆರಡು ಚಿಕ್ಕ ತುಂಡು ಸಾಕು. ಗರ್ಭಿಣಿಯರು ಮಾತ್ರ ಡಾಕ್ಟರನ್ನು ಕೇಳದೆ ಲಿವರ್ ತಿನ್ನಬಾರದು. ವಿಟಮಿನ್ ಎ ಅತಿಯಾದರೆ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ. ಯೂರಿಕ್ ಆ್ಯಸಿಡ್ ಹೆಚ್ಚಾಗಿ ಗಂಟು ನೋವು ಇರುವವರಿಗೂ ಇದು ಬೇಡ.

ರಾಗಿ ಮುದ್ದೆ, ಕೋಳಿ ಸಾರಿನ ಜೋಡಿಗೆ ಪೌಷ್ಟಿಕ ವಿಜ್ಞಾನದ ಬೆಂಬಲವೂ ಇದೆ. ರಾಗಿಯಲ್ಲಿ, ಸೊಪ್ಪಿನಲ್ಲಿ ಇರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ಸ್ವಲ್ಪ ಮಾಂಸ ಇದ್ದರೆ ಹೀರಿಕೊಳ್ಳುವ ಪ್ರಮಾಣ ಹೆಚ್ಚುತ್ತದೆ. ನಿಂಬೆಹಣ್ಣು ಹಿಂಡಿಕೊಂಡರೆ ಇನ್ನಷ್ಟು. ಊಟದ ಬೆನ್ನಿಗೇ ಟೀ ಕುಡಿದರೆ ಕಡಿಮೆಯಾಗುತ್ತದೆ. ಅಂದರೆ ತಟ್ಟೆಯಲ್ಲಿರುವ ಎರಡೇ ತುಂಡು ತನ್ನ ಪಾಲಿನದ್ದನ್ನಷ್ಟೇ ಅಲ್ಲ, ಮುದ್ದೆಯ ಕಬ್ಬಿಣಾಂಶವನ್ನೂ ದೇಹಕ್ಕೆ ದಾಟಿಸುತ್ತದೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿಗೂ ಇದೇ ಮಾತು ಅನ್ವಯ. ಮೂಳೆ ಸೂಪ್ ಕುಡಿದರೆ ಮೂಳೆ ಗಟ್ಟಿಯಾಗುತ್ತದೆ ಎಂಬುದಕ್ಕೆ ಮಾತ್ರ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಮೂಳೆಯ ಕ್ಯಾಲ್ಸಿಯಂ ನೀರಿಗೆ ಇಳಿಯುವುದು ಬಹಳ ಕಡಿಮೆ. ಕ್ಯಾಲ್ಸಿಯಂ ಬೇಕಿದ್ದರೆ ರಾಗಿಯನ್ನೇ ನಂಬಿ, 100 ಗ್ರಾಂಗೆ 340 ಮಿಲಿಗ್ರಾಂಗೂ ಹೆಚ್ಚು ಇದೆ.

ನಲ್ಲಿ ಕೆಳಗೆ ತೊಳೆಯುವುದು

ಹಸಿ ಕೋಳಿಯನ್ನು ತೊಳೆಯಲೇಬೇಡಿ ಎಂದು ಅಮೆರಿಕ, ಬ್ರಿಟನ್‌ನ ಆರೋಗ್ಯ ಸಂಸ್ಥೆಗಳು ಹೇಳುತ್ತವೆ. ನಲ್ಲಿ ನೀರು ರಭಸವಾಗಿ ಬಿದ್ದಾಗ ಸಿಡಿಯುವ ಹನಿಗಳಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಪಕ್ಕದ ತಟ್ಟೆ, ಸೊಪ್ಪು, ಬಟ್ಟೆಗೆ ಹಾರುತ್ತವೆ ಎಂಬುದು ಕಾರಣ. ಆದರೆ ಅಲ್ಲಿನದ್ದು ಪ್ಯಾಕೆಟ್ಟಿನಲ್ಲಿ ಬರುವ ಶುಚಿ ಮಾಡಿದ ಮಾಂಸ. ನಮ್ಮ ಅಂಗಡಿಯ ಕೋಳಿಯಲ್ಲಿ ರಕ್ತ, ಗರಿ ಚೂರು ಇರುತ್ತದೆ. ತೊಳೆಯಬೇಡಿ ಎಂದರೆ ನಮ್ಮ ಅಮ್ಮಂದಿರು ಒಪ್ಪುವುದೂ ಇಲ್ಲ. ಹಾಗಾಗಿ ಪಾತ್ರೆಯಲ್ಲಿ ನೀರು ಹಾಕಿ, ಮಾಂಸ ಅದರಲ್ಲಿ ಮುಳುಗಿಸಿ, ನಿಧಾನಕ್ಕೆ ಕೈಯಾಡಿಸಿ ತೊಳೆಯಿರಿ. ಆ ನೀರನ್ನು ಸಿಂಕಿನಲ್ಲಿ ಮೆಲ್ಲಗೆ ಬಿಟ್ಟು, ಸಿಂಕ್ ಮತ್ತು ಕೈಯನ್ನು ಸೋಪು ಹಾಕಿ ತೊಳೆಯಿರಿ. ಅರಿಶಿನ, ಉಪ್ಪು, ನಿಂಬೆರಸ ಹಚ್ಚಿ ತೊಳೆದರೆ ವಾಸನೆ ಹೋಗುತ್ತದೆ, ಬ್ಯಾಕ್ಟೀರಿಯಾ ಪೂರ್ತಿ ಸಾಯುವುದಿಲ್ಲ.

ಸಾಯಿಸುವುದು ಬೆಂಕಿಯೇ. ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕುದಿಯುವ ಸಾರಿನಲ್ಲಿ, ಕುಕ್ಕರಿನಲ್ಲಿ ಇದು ತಾನಾಗಿ ಆಗುತ್ತದೆ. ಹಕ್ಕಿಜ್ವರದ ವೈರಸ್ ಕೂಡ ಈ ಶಾಖಕ್ಕೆ ಉಳಿಯುವುದಿಲ್ಲ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಂಡಾಗ ಜಾಗ್ರತೆ ಬೇಕಿದ್ದದ್ದು ಸತ್ತ, ಕಾಯಿಲೆ ಬಿದ್ದ ಕೋಳಿ ಮುಟ್ಟುವ ವಿಷಯದಲ್ಲಿ. ಮಾರ್ಚ್ 2020ರಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆ ಎಂಬ ಸುಳ್ಳು ಹರಡಿ ದರ ನೆಲಕಚ್ಚಿತು. ಆಗ ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಸಾಕಣೆದಾರರೊಬ್ಬರು ಸಾವಿರಾರು ಕೋಳಿಗಳನ್ನು ಗುಂಡಿಯಲ್ಲಿ ಹೂತ ವಿಡಿಯೊ ನೀವೂ ನೋಡಿರಬಹುದು. ಅದೂ ಫಾರ್ವರ್ಡ್ ಮಾಡಿದ ಕೆಲಸವೇ.

ಅರ್ಧ ಬೆಂದು ಉಳಿಯುವ ಭಯ ಹೆಚ್ಚು ಇರುವುದು ದೊಡ್ಡ ಉರಿಯಲ್ಲಿ ಕರಿದ ಕಬಾಬಿನಲ್ಲಿ. ಹೊರಗೆ ಕೆಂಪಗೆ ಗರಿಗರಿ, ಮೂಳೆಯ ಪಕ್ಕ ಇನ್ನೂ ಹಸಿ. ಬಣ್ಣದ ವಿಷಯದಲ್ಲಿ ಫಾರ್ವರ್ಡ್‌ಗಳು ಹೇಳಿದ್ದು ಈ ಸಲ ಸರಿ: ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ 39 ಕಬಾಬ್ ಮಾದರಿ ಪರೀಕ್ಷಿಸಿದಾಗ 8ರಲ್ಲಿ ಕೃತಕ ಬಣ್ಣ ಸಿಕ್ಕಿ ಅವು ಅಸುರಕ್ಷಿತ ಎಂದು ತಿಳಿಯಿತು. ಜೂನ್ 2024ರಲ್ಲಿ ಸರ್ಕಾರ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಪುಡಿ ಹಾಕಿದರೆ ಬಣ್ಣಕ್ಕೆ ಬೇರೇನೂ ಬೇಕಿಲ್ಲ.

ಉಳಿದ ಸಾರನ್ನು ಫ್ರಿಜ್ ಇದ್ದರೆ ಎರಡು ಗಂಟೆಯೊಳಗೆ ಒಳಗಿಡಿ, ಮಾರನೇ ದಿನ ಬೆಚ್ಚಗೆ ಮಾಡಿದರೆ ಸಾಲದು, ತಳತನಕ ಕುದಿಸಿ. ಫ್ರಿಜ್ ಇಲ್ಲದಿದ್ದರೆ ಆ ಹೊತ್ತಿಗೆ ಬೇಕಾದಷ್ಟೇ ಮಾಡಿ. ರಾತ್ರಿಯಿಡೀ ಒಲೆ ಮೇಲೆ ಮುಚ್ಚಿಟ್ಟ ಸಾರನ್ನು ಬೆಳಿಗ್ಗೆ ಕುದಿಸಿದರೂ ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಹಾಗೇ ಉಳಿಯುತ್ತದೆ, ಅದನ್ನು ಮಕ್ಕಳಿಗೆ ಕೊಡಬೇಡಿ.